ಆಪರೇಷನ್‌ಗೆ ದುಡ್ಡು ಹೊಂದಿಸಿದ್ರಿ, ತೂಕ ನೋಡಿದ್ರಾ?

ದೊಡ್ಡ ಕರುಳಿನ ಕ್ಯಾನ್ಸರ್ ಅಂತ ರಿಪೋರ್ಟ್ ಬಂದ ದಿನ ಒಂದು ಮನೆಯಲ್ಲಿ ಏನೇನು ನಡೆಯುತ್ತೆ? ಮೊದಲು ಅಳು. ಆಮೇಲೆ ಫೋನು. ಯಾವ ಆಸ್ಪತ್ರೆ, ಯಾವ ಡಾಕ್ಟ್ರು, ಎಷ್ಟು ಖರ್ಚು? ಬಿಪಿಎಲ್ ಕಾರ್ಡ್ ಇದೆಯಾ? ಆಯುಷ್ಮಾನ್ ಕಾರ್ಡ್ ಮಾಡಿಸಿದ್ದೀವಾ? ಒಡವೆ ಅಡವಿಟ್ಟರೆ ಎಷ್ಟು ಬರುತ್ತೆ? ರಕ್ತ ಕೊಡೋರು ಯಾರು? ಸ್ಕ್ಯಾನ್, ಬಯಾಪ್ಸಿ, ಹೃದಯದ ಪರೀಕ್ಷೆ ಎಲ್ಲ ಮುಗಿದು ಆಪರೇಷನ್ ತಾರೀಕು ಸಿಗುವ ಹೊತ್ತಿಗೆ ಎಷ್ಟೋ ಸಲ ಎರಡು-ಮೂರು ವಾರ ಕಳೆದಿರುತ್ತೆ.

ಇಷ್ಟೆಲ್ಲ ಓಡಾಟದಲ್ಲಿ ಒಂದು ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ರೋಗಿಯ ತೂಕ ಆರು ತಿಂಗಳ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ?

ಆಪರೇಷನ್ ಆದ ಮೇಲೆ ನೋಡಿ, ಆಗ ಎಲ್ಲರಿಗೂ ಪೌಷ್ಟಿಕಾಂಶದ ನೆನಪಾಗುತ್ತೆ. ನೋಡಲು ಬಂದ ನೆಂಟರು ಒಬ್ಬೊಬ್ಬರೂ ಒಂದೊಂದು ಡಬ್ಬಿ ತರ್ತಾರೆ. ಮಂಚದ ಪಕ್ಕದ ಕಪಾಟಿನ ಮೇಲೆ ಎಳನೀರು, ಮೋಸಂಬಿ, ಬ್ರೆಡ್ಡು, ಅದರ ಜೊತೆ ಸಾಲಾಗಿ ಪೌಡರ್ ಡಬ್ಬಿಗಳು. ದಿನಕ್ಕೊಂದು ಚಮಚ ಹಾಲಿಗೆ ಹಾಕಿ ಕೊಟ್ಟರೆ ಶಕ್ತಿ ಬರುತ್ತೆ ಅಂತ ನಂಬಿಕೆ. ಪ್ರೀತಿ ದೊಡ್ಡದು, ಅನುಮಾನವೇ ಇಲ್ಲ. ಆದರೆ ಆ ಡಬ್ಬಿ ಬಂದಿದ್ದು ತಡವಾಗಿ, ಕೊಡ್ತಿರೋದು ಕಡಿಮೆ, ಮತ್ತು ಅದರೊಳಗೆ ಏನಿದೆ ಅಂತ ನೋಡಿದವರಿಲ್ಲ.

ಇವತ್ತು ಮಾತಾಡಬೇಕಿರುವುದು ಈ ಡಬ್ಬಿಯ ಬಗ್ಗೆ. ಅದು ಬೇಕಾ, ಬೇಡವಾ? ಯಾರಿಗೆ ಬೇಕು, ಯಾವಾಗ ಬೇಕು? ಉತ್ತರ ಒಂದೇ ಸಾಲಿನಲ್ಲಿ ಹೇಳಿಬಿಡ್ತೀನಿ: ಡಬ್ಬಿಯನ್ನು ತೀರ್ಮಾನ ಮಾಡಬೇಕಾಗಿದ್ದು ಜಾಹೀರಾತಲ್ಲ, ತೂಕದ ಯಂತ್ರ. ಮತ್ತು ಆ ತೀರ್ಮಾನ ಆಗಬೇಕಾಗಿದ್ದು ಆಪರೇಷನ್‌ಗೆ ಮುಂಚೆ.

ಮೊದಲು ಈ ಕಾಯಿಲೆಯಲ್ಲಿ ಊಟ ಯಾಕೆ ಇಷ್ಟು ಮುಖ್ಯ ಅನ್ನೋದನ್ನು ಅರ್ಥ ಮಾಡ್ಕೊಳ್ಳಿ. ಕರುಳಿನ ಕ್ಯಾನ್ಸರ್ ಸಣ್ಣ ಕಾಯಿಲೆ ಅಲ್ಲ. 2022ರ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 19 ಲಕ್ಷ ಜನಕ್ಕೆ ಹೊಸದಾಗಿ ಬಂದಿದೆ, ಸುಮಾರು 9 ಲಕ್ಷ ಜನ ಸತ್ತಿದ್ದಾರೆ. ಕ್ಯಾನ್ಸರ್‌ನಿಂದ ಆಗುವ ಸಾವುಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಿಟ್ಟರೆ ಇದೇ ಎರಡನೆಯದು. ಸಮಾಧಾನದ ಸಂಗತಿ ಅಂದರೆ, ಬೇಗ ಗೊತ್ತಾದರೆ ಆಪರೇಷನ್ ಮಾಡಿ ಗುಣಪಡಿಸಬಹುದಾದ ಕ್ಯಾನ್ಸರ್‌ಗಳಲ್ಲಿ ಇದೂ ಒಂದು.

ಆಪರೇಷನ್‌ನಲ್ಲಿ ಸರ್ಜನ್ ಏನು ಮಾಡ್ತಾರೆ? ಗಡ್ಡೆ ಇರುವ ಕರುಳಿನ ಭಾಗವನ್ನು ಕತ್ತರಿಸಿ ತೆಗೀತಾರೆ. ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿಗೆ ಹಾಕ್ತಾರೆ, ಇಲ್ಲವೇ ಸ್ಟೇಪ್ಲರ್‌ನಿಂದ ಜೋಡಿಸ್ತಾರೆ. ಹೊಲಿಗೆ ಹಾಕೋದು ಸರ್ಜನ್ ಕೆಲಸ. ಆದರೆ ಆ ಎರಡು ತುದಿಗಳು ಬೆಸೆದುಕೊಂಡು ಒಂದಾಗಬೇಕಲ್ಲ, ಅದು ರೋಗಿಯ ದೇಹದ ಕೆಲಸ. ದೇಹ ಆ ಜಾಗದಲ್ಲಿ ಹೊಸ ಅಂಗಾಂಶ ಕಟ್ಟಬೇಕು. ಮನೆ ಕಟ್ಟೋಕೆ ಇಟ್ಟಿಗೆ, ಸಿಮೆಂಟು ಬೇಕಾದ ಹಾಗೆ ಇದಕ್ಕೆ ಪ್ರೊಟೀನ್ ಬೇಕು. ಜೊತೆಗೆ ಸೋಂಕಿನ ವಿರುದ್ಧ ಹೋರಾಡೋಕೂ ಪ್ರೊಟೀನ್ ಬೇಕು. ಕೆಮ್ಮಿ ಕಫ ಹೊರಹಾಕೋಕೆ, ಎದ್ದು ನಡೆಯೋಕೆ ಸ್ನಾಯುವಿನ ಬಲ ಬೇಕು.

ಆ ಜೋಡಣೆ ಕೂಡದೆ ಸೋರಿದರೆ? ಕರುಳಿನೊಳಗಿನ ಹೊಲಸು ಹೊಟ್ಟೆಯೊಳಗೆ ಹರಡುತ್ತೆ. ಕರುಳಿನ ಸರ್ಜನ್‌ಗಳು ಅತಿ ಹೆಚ್ಚು ಹೆದರೋದು ಈ ಲೀಕ್‌ಗೆ. ಮತ್ತೆ ಆಪರೇಷನ್, ಐಸಿಯು, ಕೆಲವೊಮ್ಮೆ ಜೀವಕ್ಕೇ ಅಪಾಯ. ಲೀಕ್ ಆಗೋಕೆ ಕಾರಣಗಳು ಹಲವು. ಸಿಗರೇಟು ಒಂದು ಕಾರಣ, ಗಡ್ಡೆ ಇರುವ ಜಾಗ ಇನ್ನೊಂದು. ಬಡಕಲಾದ ದೇಹವೂ ಆ ಪಟ್ಟಿಯಲ್ಲಿದೆ.

ಇದು ನಿನ್ನೆ ಮೊನ್ನೆ ಕಂಡುಕೊಂಡ ಸತ್ಯ ಅಲ್ಲ. 1936ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಸರ್ಜನ್ ಹಿರಾಮ್ ಸ್ಟಡ್ಲಿ ಹೊಟ್ಟೆಯ ಅಲ್ಸರ್‌ಗೆ ಆಪರೇಷನ್ ಆದವರ ಲೆಕ್ಕ ತೆಗೆದರು. ಆಪರೇಷನ್‌ಗೆ ಮುಂಚೆ ತಮ್ಮ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಂಡಿದ್ದವರಲ್ಲಿ ಮೂವರಿಗೆ ಒಬ್ಬರು ಸತ್ತಿದ್ದರು. ಅಷ್ಟು ತೂಕ ಇಳಿಯದವರಲ್ಲಿ ಸಾವು ಶೇಕಡಾ 3.5 ಮಾತ್ರ. ಸ್ಕ್ಯಾನ್ ಇಲ್ಲದ ಕಾಲದಲ್ಲಿ, ಬರೀ ತೂಕದ ಯಂತ್ರ ಇಟ್ಕೊಂಡು ಹೇಳಿದ ಮಾತು ಅದು. ಸುಮಾರು 90 ವರ್ಷ ಆಯ್ತು.

ಈಗಿನ ಲೆಕ್ಕ ಕೇಳಿ. 75 ದೇಶಗಳಲ್ಲಿ ಕರುಳು ಮತ್ತು ಜಠರದ ಕ್ಯಾನ್ಸರ್‌ಗೆ ಆಪರೇಷನ್ ಆದ 5,700ಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದ ಒಂದು ಅಧ್ಯಯನ 2023ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಒಟ್ಟಾರೆ ಮೂವರಲ್ಲಿ ಒಬ್ಬರಿಗೆ ತೀವ್ರ ಅಪೌಷ್ಟಿಕತೆ ಇತ್ತು. ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳಲ್ಲಿ? ನೂರಕ್ಕೆ 60ಕ್ಕೂ ಹೆಚ್ಚು ಜನಕ್ಕೆ. ಭಾರತ ಬರೋದು ಈ ಗುಂಪಿನಲ್ಲೇ. ಅಪೌಷ್ಟಿಕತೆ ಇದ್ದವರು ಆಪರೇಷನ್ ಆದ 30 ದಿನದೊಳಗೆ ಸಾಯುವ ಅಪಾಯ ಎಲ್ಲ ಕಡೆಯೂ ಹೆಚ್ಚಿತ್ತು, ಬಡ ದೇಶಗಳಲ್ಲಂತೂ ಇನ್ನೂ ಹೆಚ್ಚು.

ಹಾಗಾದರೆ ರೋಗಿ ಅಪಾಯದಲ್ಲಿದ್ದಾರೆ ಅಂತ ಮನೆಯವರಿಗೆ ಗೊತ್ತಾಗೋದು ಹೇಗೆ? ಲೆಕ್ಕ ಸುಲಭ. ಯುರೋಪಿನ ಕ್ಲಿನಿಕಲ್ ನ್ಯೂಟ್ರಿಷನ್ ತಜ್ಞರ ಸಂಘಟನೆ ಎಸ್ಪೆನ್ ಹೇಳೋ ಪ್ರಕಾರ, ಆರು ತಿಂಗಳಲ್ಲಿ ತೂಕ ಶೇಕಡಾ 10ಕ್ಕಿಂತ ಹೆಚ್ಚು ಇಳಿದಿದ್ದರೆ ತೀವ್ರ ಅಪಾಯ. ಅಂದರೆ 60 ಕೆ.ಜಿ. ಇದ್ದವರು 54ಕ್ಕಿಂತ ಕೆಳಗೆ ಬಂದಿದ್ದರೆ, 70 ಇದ್ದವರು 63ಕ್ಕಿಂತ ಕೆಳಗೆ ಬಂದಿದ್ದರೆ ಕೆಂಪು ದೀಪ ಉರೀತು ಅಂತಲೇ ಅರ್ಥ. ಎತ್ತರಕ್ಕೆ ತಕ್ಕ ತೂಕ ತೋರಿಸುವ ಬಿಎಂಐ 18.5ಕ್ಕಿಂತ ಕಡಿಮೆ ಇದ್ದರೂ ಹಾಗೇ. ರಕ್ತದಲ್ಲಿ ಅಲ್ಬುಮಿನ್ 3ಕ್ಕಿಂತ ಕೆಳಗಿದ್ದರೆ ಅದೂ ಎಚ್ಚರಿಕೆಯ ಗಂಟೆ. ಆದರೆ ಅಲ್ಬುಮಿನ್ ಸೋಂಕು, ಉರಿಯೂತ ಇದ್ದಾಗಲೂ ಇಳಿಯುತ್ತೆ, ಅದನ್ನು ಡಾಕ್ಟ್ರೇ ಓದಬೇಕು.

ಹಳೇ ತೂಕ ಗೊತ್ತಿಲ್ಲ ಅಂತೀರಾ? ಅಂಗಿ ದೊಗಳೆ ಆಗಿದೆಯಾ, ಬೆಲ್ಟಿಗೆ ಹೊಸ ತೂತು ಹೊಡೆದಿದ್ದಾರಾ, ಬಳೆ ಮೊಣಕೈವರೆಗೂ ಜಾರುತ್ತಾ, ರವಿಕೆ ಹೊಲಿಗೆ ಒಳಗೆ ಹಿಡಿಸಿದ್ದಾರಾ ನೋಡಿ. ಹೆಣ್ಣುಮಕ್ಕಳಿಗೆ ಇದು ಮೊದಲು ಗೊತ್ತಾಗುತ್ತೆ. ಅದನ್ನು ಡಾಕ್ಟ್ರ ಹತ್ತಿರ ಹೇಳೋಕೆ ಸಂಕೋಚ ಬೇಡ. ಇನ್ನೊಂದು ಮಾತು: ದಪ್ಪ ಇದ್ದವರಿಗೆ ಈ ಅಪಾಯ ಇಲ್ಲ ಅಂದ್ಕೋಬೇಡಿ. 90 ಕೆ.ಜಿ. ಇದ್ದವರು 78ಕ್ಕೆ ಇಳಿದರೆ ನೋಡೋಕೆ ಚೆನ್ನಾಗೇ ಕಾಣ್ತಾರೆ. ಆದರೆ ಕರಗಿದ್ದು ಬರೀ ಕೊಬ್ಬಲ್ಲ, ಸ್ನಾಯು ಕೂಡ.

ಇಂಥ ತೀವ್ರ ಅಪಾಯ ಇರುವವರಿಗೆ ಎಸ್ಪೆನ್ ಸಲಹೆ ಏನು ಗೊತ್ತಾ? ದೊಡ್ಡ ಆಪರೇಷನ್‌ಗೆ ಮುಂಚೆ 7ರಿಂದ 14 ದಿನ ಪೌಷ್ಟಿಕ ಚಿಕಿತ್ಸೆ ಕೊಡಿ, ಅದಕ್ಕಾಗಿ ಕ್ಯಾನ್ಸರ್ ಆಪರೇಷನ್ ಸ್ವಲ್ಪ ಮುಂದೆ ಹೋದರೂ ಪರವಾಗಿಲ್ಲ. ಗಮನಿಸಿ, ಆಪರೇಷನ್ ಮುಂದೂಡೋದು ಮನೆಯವರ ತೀರ್ಮಾನ ಅಲ್ಲ. ಕರುಳು ಕಟ್ಟಿಕೊಂಡಿದ್ದರೆ, ರಕ್ತ ನಿಲ್ಲದೆ ಹೋಗ್ತಿದ್ದರೆ ಒಂದು ದಿನವೂ ಕಾಯುವಂತಿಲ್ಲ. ಹೊಟ್ಟೆ ಉಬ್ಬರಿಸಿ, ವಾಂತಿಯಾಗಿ, ಗ್ಯಾಸೂ ಹೋಗ್ತಿಲ್ಲ ಅಂದರೆ ಬಾಯಿಗೆ ಏನೂ ಕೊಡದೆ ಸೀದಾ ಆಸ್ಪತ್ರೆಗೆ ಓಡಬೇಕು. ಆದರೆ ತಾರೀಕು ಹೇಗೂ ಎರಡು ವಾರದ ನಂತರ ಇದೆ ಅಂದಾಗ ಆ ಎರಡು ವಾರವನ್ನು ಸುಮ್ಮನೆ ಕಳೆಯೋದು ಯಾಕೆ?

ಈಗ ಡಬ್ಬಿಗೆ ಬರೋಣ. ಅದಕ್ಕೂ ಮುಂಚೆ ತಟ್ಟೆ ನೋಡೋಣ.

ಇಂಥ ರೋಗಿಗೆ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್, 25ರಿಂದ 30 ಕ್ಯಾಲೊರಿ ಬೇಕು ಅನ್ನೋದು ತಜ್ಞರ ಲೆಕ್ಕ. 60 ಕೆ.ಜಿ. ತೂಕದವರಿಗೆ ದಿನಕ್ಕೆ 72ರಿಂದ 90 ಗ್ರಾಂ ಪ್ರೊಟೀನ್, 1,500ರಿಂದ 1,800 ಕ್ಯಾಲೊರಿ ಆಯ್ತು. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಬೇರೆ, ಅವರು ಡಾಕ್ಟ್ರನ್ನು ಕೇಳದೆ ಪ್ರೊಟೀನ್ ಏರಿಸಬಾರದು.

ನಾವು ಕಾಯಿಲೆಯವರಿಗೆ ಕೊಡೋದೇನು? ಬೆಳಿಗ್ಗೆ ಗಂಜಿ, ಆಮೇಲೆ ಎಳನೀರು, ಮಧ್ಯಾಹ್ನ ಮೆತ್ತಗೆ ಅನ್ನ ಮತ್ತು ತಿಳಿಸಾರು, ಸಂಜೆ ಎರಡು ಬ್ರೆಡ್ಡು, ಮೋಸಂಬಿ ಜ್ಯೂಸು, ರಾತ್ರಿ ರವೆಗಂಜಿ. ಕೂಡಿಸಿ ನೋಡಿ. ಪ್ರೊಟೀನ್ 20-25 ಗ್ರಾಂ ದಾಟೋದೇ ಕಷ್ಟ. ಬೇಕಿರೋದರ ಮೂರನೇ ಒಂದು ಭಾಗ! ಹೊಟ್ಟೆ ತುಂಬಿದೆ ಅಂತ ರೋಗಿ ಹೇಳ್ತಾರೆ, ಪಥ್ಯ ಸರಿಯಾಗಿದೆ ಅಂತ ಮನೆಯವರು ಹೇಳ್ತಾರೆ, ಸ್ನಾಯು ಮಾತ್ರ ದಿನದಿನವೂ ಕರಗ್ತಾ ಹೋಗುತ್ತೆ.

ಇದರ ಮೇಲೆ ನಂಜಿನ ಭಯ. ಬೇಳೆ ತಿಂದರೆ ಗಾಯ ಕೀವಾಗುತ್ತೆ, ಮೊಟ್ಟೆ ನಂಜು, ಮೀನು ನಂಜು, ಮೊಸರು ಶೀತ. ಒಂದೊಂದಾಗಿ ಪಟ್ಟಿ ಮಾಡಿ ನೋಡಿ, ನಾವು ತಟ್ಟೆಯಿಂದ ತೆಗೆದದ್ದೆಲ್ಲ ಪ್ರೊಟೀನೇ! ಅಜ್ಜಿಯಂದಿರ ಕಾಳಜಿಯ ಬಗ್ಗೆ ನನಗೆ ಗೌರವ ಇದೆ. ಬೇಯಿಸದ, ಹಳಸಿದ ಆಹಾರದ ವಿಷಯದಲ್ಲಿ ಅವರ ಎಚ್ಚರ ನೂರಕ್ಕೆ ನೂರು ಸರಿ. ಆದರೆ ಚೆನ್ನಾಗಿ ಬೆಂದ ಬೇಳೆಯಿಂದ, ಮೊಟ್ಟೆಯಿಂದ ಆಪರೇಷನ್ ಗಾಯ ಕೀವಾಗೋದಿಲ್ಲ. ಗಾಯ ಕೀವಾಗೋದು ಸೋಂಕಿನಿಂದ. ಆ ಸೋಂಕನ್ನು ತಡೆಯೋ ಶಕ್ತಿ ಬರೋದು ಅದೇ ಬೇಳೆ, ಅದೇ ಮೊಟ್ಟೆಯಿಂದ.

ಇನ್ನೊಂದು ನಂಬಿಕೆ ಇದಕ್ಕಿಂತ ಅಪಾಯ. ಚೆನ್ನಾಗಿ ತಿಂದರೆ ಗಡ್ಡೆಯೂ ಬೆಳೆಯುತ್ತೆ, ಉಪವಾಸ ಹಾಕಿದರೆ ಗಡ್ಡೆ ಒಣಗುತ್ತೆ ಅಂತ ಮೊಬೈಲ್‌ನಲ್ಲಿ ವಿಡಿಯೋಗಳು ಓಡಾಡ್ತಿವೆ. ರೋಗಿಗೆ ಸರಿಯಾಗಿ ಊಟ ಕೊಟ್ಟರೆ ಗಡ್ಡೆ ಜೋರಾಗಿ ಬೆಳೆಯುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಉಪವಾಸ ಬಿದ್ದಾಗ ಗಡ್ಡೆ ತನಗೆ ಬೇಕಾದ್ದನ್ನು ರೋಗಿಯ ದೇಹದಿಂದಲೇ ಕಿತ್ಕೊಳ್ಳುತ್ತೆ. ಒಣಗೋದು ಗಡ್ಡೆ ಅಲ್ಲ, ಮನುಷ್ಯ.

ಸರಿ, 80 ಗ್ರಾಂ ಪ್ರೊಟೀನ್ ಮನೆ ಊಟದಲ್ಲೇ ಬರುತ್ತಾ? ಬರುತ್ತೆ. ಎರಡು ಮೊಟ್ಟೆಯಲ್ಲಿ 12 ಗ್ರಾಂ. ಅರ್ಧ ಲೀಟರ್ ಹಾಲಿನಲ್ಲಿ 16. ಒಂದು ಬಟ್ಟಲು ಗಟ್ಟಿ ಮೊಸರಿನಲ್ಲಿ 6. ಎರಡು ಹೊತ್ತು ಗಟ್ಟಿ ಬೇಳೆ, ತಿಳಿಸಾರಲ್ಲ, ಅದರಲ್ಲಿ 13. ದಿನದ ಅನ್ನ, ಇಡ್ಲಿ, ಚಪಾತಿಯಲ್ಲಿ 14. ಇಲ್ಲಿಗೆ 61 ಆಯ್ತು. ಮಾಂಸ ತಿನ್ನುವವರು ನೂರು ಗ್ರಾಂ ಮೀನು ಅಥವಾ ಕೋಳಿ ಸೇರಿಸಿದರೆ, ತಿನ್ನದವರು ಪನ್ನೀರು ಅಥವಾ ಸೋಯಾ ಸೇರಿಸಿದರೆ 80 ಮುಟ್ಟುತ್ತೆ. ಹುರಿಗಡಲೆ ಹಿಟ್ಟನ್ನು ನುಣ್ಣಗೆ ಮಾಡಿ ಹಾಲಿಗೆ ಕಲಸಿ ಕೊಡಬಹುದು. ಒಂದೇ ಸಲ ತುಂಬಾ ಬಡಿಸಬೇಡಿ, ಆರು ಸಲ ಸ್ವಲ್ಪ ಸ್ವಲ್ಪ ಕೊಡಿ. ತೂಕ ಇಳಿಯದೆ, ಹಸಿವು ಚೆನ್ನಾಗಿದ್ದು, ಇಷ್ಟು ತಿನ್ನೋಕೆ ಆಗುವವರಿಗೆ ದುಬಾರಿ ಡಬ್ಬಿ ಬೇಕಿಲ್ಲ. ಆ ದುಡ್ಡಿಗೆ ಮೊಟ್ಟೆ, ಹಾಲು ತನ್ನಿ.

ಡಬ್ಬಿ ಬೇಕಾಗೋದು ಇಷ್ಟು ತಿನ್ನೋಕೆ ಆಗದವರಿಗೆ. ಗಡ್ಡೆಯಿಂದ ಕರುಳಿನ ದಾರಿ ಕಿರಿದಾಗಿ ಗಟ್ಟಿ ಪದಾರ್ಥ ಕೊಡಬೇಡಿ ಅಂತ ಡಾಕ್ಟ್ರು ಹೇಳಿರ್ತಾರೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತೆ. ಕೀಮೋ ಆಗಿ ಬಾಯಿ ರುಚಿ ಸತ್ತಿರುತ್ತೆ. ಆಗ ಒಂದು ಲೋಟದಲ್ಲೇ ಹೆಚ್ಚು ಕ್ಯಾಲೊರಿ, ಹೆಚ್ಚು ಪ್ರೊಟೀನ್, ಜೀವಸತ್ವಗಳು ಸಿಗೋ ಹಾಗೆ ತಯಾರಿಸಿದ ಪೇಯ ಕೆಲಸಕ್ಕೆ ಬರುತ್ತೆ. ಇದನ್ನು ಊಟದ ಬದಲಿಗೆ ಅಲ್ಲ, ಎರಡು ಊಟದ ನಡುವೆ, ಗುಟುಕು ಗುಟುಕಾಗಿ ಕುಡಿಸಬೇಕು. ಬ್ರಿಟನ್ನಿನಲ್ಲಿ ತೂಕ ಇಳಿದಿದ್ದ ಸುಮಾರು 100 ಮಂದಿ ಕರುಳು ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಆಪರೇಷನ್‌ಗೆ ಮುಂಚೆ ಕೆಲವರಿಗೆ ಬರೀ ಊಟದ ಸಲಹೆ, ಕೆಲವರಿಗೆ ಸಲಹೆಯ ಜೊತೆ ಈ ಥರದ ಪೇಯ. ಪೇಯ ಕುಡಿದವರಲ್ಲಿ ಗಾಯದ ಮತ್ತು ಎದೆಯ ಸೋಂಕು ಕಡಿಮೆ ಕಂಡುಬಂತು. ಪ್ರಯೋಗ ಚಿಕ್ಕದು, ನಿಜ. ಆದರೆ ಅದು ನಡೆದದ್ದು ತೂಕ ಇಳಿದವರಲ್ಲಿ ಅನ್ನೋದನ್ನು ಮರೀಬೇಡಿ.

ಯಾವ ಡಬ್ಬಿ? ಮುಂದಿನ ಚಿತ್ರ ನೋಡಬೇಡಿ, ಹಿಂದಿನ ಪಟ್ಟಿ ಓದಿ. 100 ಗ್ರಾಂ ಪೌಡರ್‌ನಲ್ಲಿ ಪ್ರೊಟೀನ್ ಎಷ್ಟು, ಸಕ್ಕರೆ ಎಷ್ಟು? ಮಕ್ಕಳು ಹಾಲಿಗೆ ಹಾಕಿಕೊಳ್ಳುವ ಮಾಲ್ಟ್ ಪುಡಿಗಳಲ್ಲಿ ನೂರು ಗ್ರಾಂಗೆ ಸುಮಾರು 10 ಗ್ರಾಂ ಪ್ರೊಟೀನ್ ಇರುತ್ತೆ. ನೀವು ಹಾಕೋದು ಒಂದು ಚಮಚ, ಅಂದರೆ 10 ಗ್ರಾಂ ಪುಡಿ. ಬಂದ ಪ್ರೊಟೀನ್ ಒಂದೇ ಒಂದು ಗ್ರಾಂ! ಅರ್ಧ ಮೊಟ್ಟೆ ಅದಕ್ಕಿಂತ ಮೂರು ಪಟ್ಟು ಕೊಡುತ್ತೆ. ಗ್ಲೂಕೋಸ್ ಪುಡಿಯಲ್ಲಂತೂ ಪ್ರೊಟೀನ್ ಸೊನ್ನೆ. ಅಂದಹಾಗೆ, ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ 'ಹೆಲ್ತ್ ಡ್ರಿಂಕ್' ಅನ್ನೋ ವರ್ಗವೇ ಇಲ್ಲ. ಆ ಹೆಸರಿನಡಿ ಇಂಥ ಪುಡಿಗಳನ್ನು ಮಾರಬೇಡಿ ಅಂತ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಸೂಚನೆ ಹೋಗಿತ್ತು. ರೋಗಿಗಳಿಗಾಗಿಯೇ ತಯಾರಿಸಿದ ಆಹಾರದ ಮೇಲೆ 'ವೈದ್ಯರ ಸಲಹೆಯಂತೆ ಮಾತ್ರ ಬಳಸಿ' ಎಂಬ ಅರ್ಥದ ಸಾಲು ಇರಲೇಬೇಕು. ಆ ಸಾಲನ್ನು ಹುಡುಕಿ. ಆಮೇಲೆ ಆ ಸಾಲು ಹೇಳಿದ ಹಾಗೇ ಮಾಡಿ: ಡಾಕ್ಟ್ರು ಅಥವಾ ಆಸ್ಪತ್ರೆಯ ಡಯೆಟಿಷಿಯನ್ ಹೇಳಿದ ಪುಡಿ, ಹೇಳಿದ ಚಮಚ, ಹೇಳಿದ ಸಲ. ಸಕ್ಕರೆ ಕಾಯಿಲೆ ಇದ್ದವರಿಗೆ ಬೇರೆ ಥರದ್ದು ಬರುತ್ತೆ, ಕೇಳಿ ತಗೊಳ್ಳಿ.

ಅರ್ಜಿನೈನ್, ಒಮೆಗಾ-3 ಮುಂತಾದವು ಸೇರಿಸಿದ, 'ಇಮ್ಯುನೊ ನ್ಯೂಟ್ರಿಷನ್' ಅನ್ನೋ ಇನ್ನೂ ದುಬಾರಿ ಪೇಯಗಳಿವೆ. ಅಪೌಷ್ಟಿಕತೆ ಇದ್ದು ದೊಡ್ಡ ಕ್ಯಾನ್ಸರ್ ಆಪರೇಷನ್ ಆಗುವವರಿಗೆ ಕೆಲವು ಡಾಕ್ಟ್ರು ಸುಮಾರು ಒಂದು ವಾರ ಕೊಡ್ತಾರೆ. ಅದನ್ನು ಅವರು ಬರೆದುಕೊಡಲಿ. ಎಲ್ಲರಿಗೂ ಬೇಕಾದ್ದಲ್ಲ ಅದು.

ಇನ್ನು ವಿಟಮಿನ್ ಮಾತ್ರೆ, ಗಿಡಮೂಲಿಕೆ, ಮೀನೆಣ್ಣೆ ಕ್ಯಾಪ್ಸೂಲು. ಮನೆಯಲ್ಲಿ ಏನೇನು ತಗೊಳ್ತಿದ್ದೀರೋ ಎಲ್ಲವನ್ನೂ ಆಪರೇಷನ್‌ಗೆ ಮುಂಚೆ ಡಾಕ್ಟ್ರ ಮುಂದೆ ಇಡಿ. ಬೆಳ್ಳುಳ್ಳಿ, ಗಿಂಕ್ಗೊ, ಹೆಚ್ಚಿನ ವಿಟಮಿನ್ ಇ ಕ್ಯಾಪ್ಸೂಲುಗಳು ರಕ್ತ ಹೆಪ್ಪುಗಟ್ಟೋದನ್ನು ತಡಮಾಡಬಹುದು. ವಿಟಮಿನ್ ಅಂದಮಾತ್ರಕ್ಕೆ ಒಳ್ಳೇದೇ ಅನ್ನೋಕಾಗಲ್ಲ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟು ನೋಡಿದರು. ಕ್ಯಾನ್ಸರ್ ಕಡಿಮೆ ಆಗಬಹುದು ಅಂತ ಆಸೆ. 1994ರಲ್ಲಿ ಫಲಿತಾಂಶ ಬಂದಾಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು.

ಹಾಗಂತ ಬರೀ ಊಟ, ಬರೀ ಪೌಡರ್ ಸಾಕಾ? ತಿಂದ ಪ್ರೊಟೀನ್ ಸ್ನಾಯು ಆಗಬೇಕಾದರೆ ಸ್ನಾಯುವಿಗೆ ಕೆಲಸ ಬೇಕು. ಯುರೋಪಿನ ಹಲವು ಆಸ್ಪತ್ರೆಗಳು ಸೇರಿ 251 ಕರುಳು ಕ್ಯಾನ್ಸರ್ ರೋಗಿಗಳ ಮೇಲೆ ನಡೆಸಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಆಪರೇಷನ್‌ಗೆ ಮುಂಚೆ ನಾಲ್ಕು ವಾರ ವ್ಯಾಯಾಮ, ಪ್ರೊಟೀನ್ ಪೂರಕ, ಧೈರ್ಯ ತುಂಬುವ ಮಾತು, ಸಿಗರೇಟು ಬಿಡಿಸುವ ನೆರವು. ಇಷ್ಟನ್ನೂ ಒಟ್ಟಿಗೆ ಪಡೆದವರಲ್ಲಿ ತೀವ್ರ ತೊಡಕುಗಳು ನೂರಕ್ಕೆ 17. ಪಡೆಯದವರಲ್ಲಿ ಸುಮಾರು 30. ಯಾವುದೇ ಒಂದು ಡಬ್ಬಿಯ ಮಹಿಮೆ ಅಲ್ಲ ಇದು, ತಯಾರಿಯ ಮಹಿಮೆ. ಮನೆಯಲ್ಲಿ ಮಲಗಿಸಿ ಇಡೋ ಬದಲು ಡಾಕ್ಟ್ರನ್ನು ಕೇಳಿ ಬೆಳಿಗ್ಗೆ ಸಂಜೆ ನಡೆಸಿ.

ಆಪರೇಷನ್ ಹಿಂದಿನ ರಾತ್ರಿಯಿಂದ ಒಂದು ಹನಿ ನೀರೂ ಇಲ್ಲ ಅನ್ನೋ ಕಾಲ ಇತ್ತು. ಅರಿವಳಿಕೆ ಕೊಟ್ಟಾಗ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗಬಾರದು ಅನ್ನೋ ಎಚ್ಚರ. ಈಗಿನ ಮಾರ್ಗಸೂಚಿ ಬದಲಾಗಿದೆ. ಗಟ್ಟಿ ಆಹಾರ ಆರು ಗಂಟೆ ಮುಂಚಿನವರೆಗೆ, ನೀರಿನಂಥ ತಿಳಿ ದ್ರವ ಎರಡು ಗಂಟೆ ಮುಂಚಿನವರೆಗೆ ನಡೆಯುತ್ತೆ. ಕೆಲವು ಆಸ್ಪತ್ರೆಗಳು ಆಪರೇಷನ್‌ಗೆ ಎರಡು-ಮೂರು ಗಂಟೆ ಮುಂಚೆ ಒಂದು ಸಿಹಿ ಪೇಯವನ್ನೇ ಕುಡಿಸ್ತಾರೆ. ಕರುಳು ಕಿರಿದಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಲೆಕ್ಕ ಬೇರೆ ಇರಬಹುದು. ಆದ್ದರಿಂದ ಇದರಲ್ಲಿ ಅರಿವಳಿಕೆ ಡಾಕ್ಟ್ರ ಮಾತೇ ಕೊನೆ. ನೀವು ಮಾಡಬೇಕಾದ್ದು ಒಂದೇ, ಎಷ್ಟು ಗಂಟೆವರೆಗೆ ಏನು ಕೊಡಬಹುದು ಅಂತ ಕೇಳಿ ಬರೆದುಕೊಳ್ಳೋದು.

ಆಪರೇಷನ್ ಆದ ಮೇಲೂ ಹಳೇ ಪದ್ಧತಿ ಬದಲಾಗಿದೆ. ಗ್ಯಾಸ್ ಹೋಗೋವರೆಗೆ ನಾಲ್ಕೈದು ದಿನ ಉಪವಾಸ ಅನ್ನೋದು ಹಿಂದಿನ ಮಾತು. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಈ ಪದ್ಧತಿಯನ್ನು ಪ್ರಶ್ನಿಸಿದರು. ಬೇಗ ಎಬ್ಬಿಸಿ, ಬೇಗ ನಡೆಸಿ, ಬೇಗ ತಿನ್ನಿಸಿ ಅಂದರು. ಈಗ ತೊಡಕಿಲ್ಲದ ಹೆಚ್ಚಿನವರಿಗೆ 24 ಗಂಟೆಯೊಳಗೆ ಬಾಯಿಂದ ಆಹಾರ ಶುರುಮಾಡ್ತಾರೆ. ಮೊದಲು ಗುಟುಕು, ಆಮೇಲೆ ಮೆತ್ತನೆಯದು. ಪೇಯದ ರೂಪದ ಪೂರಕ ಆಹಾರ ಹೆಚ್ಚು ಉಪಯೋಗಕ್ಕೆ ಬರೋದು ಈ ದಿನಗಳಲ್ಲೇ, ಯಾಕಂದ್ರೆ ಇಡೀ ಊಟ ಮಾಡೋ ಶಕ್ತಿ ಇರಲ್ಲ. ಕಾಫಿ ಪ್ರಿಯರಿಗೊಂದು ಸಂತೋಷದ ಸುದ್ದಿ: ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ದೊಡ್ಡ ಕರುಳಿನ ಆಪರೇಷನ್ ಆದವರಿಗೆ ದಿನಕ್ಕೆ ಮೂರು ಸಲ ಕಾಫಿ ಕೊಟ್ಟು ನೋಡಿದರು. ಬಿಸಿನೀರು ಕುಡಿದವರಿಗಿಂತ ಅವರ ಕರುಳು ಬೇಗ ಕೆಲಸ ಶುರುಮಾಡಿತ್ತು. ಡಾಕ್ಟ್ರು ಹೂಂ ಅಂದರೆ ಕುಡೀರಿ.

ವಾರ್ಡಿನಲ್ಲಿ ಇನ್ನೊಂದು ಮಾತು ಕೇಳಿಸುತ್ತೆ: "ಏನೂ ತಿಂತಿಲ್ಲ ಡಾಕ್ಟ್ರೇ, ಒಂದು ಬಾಟಲಿ ಗ್ಲೂಕೋಸಾದ್ರೂ ಹಾಕ್ಸಿ." ಸಾಮಾನ್ಯವಾಗಿ ಹಾಕೋ ಅರ್ಧ ಲೀಟರ್ ಬಾಟಲಿಯಲ್ಲಿ ಇರೋದು 25 ಗ್ರಾಂ ಗ್ಲೂಕೋಸ್. ನೂರು ಕ್ಯಾಲೊರಿಯೂ ಇಲ್ಲ. ಹೆಚ್ಚುಕಮ್ಮಿ ಎರಡು ಇಡ್ಲಿಯ ಶಕ್ತಿ, ಅದೂ ಪ್ರೊಟೀನ್ ಇಲ್ಲದ ಇಡ್ಲಿ! ಡ್ರಿಪ್ ಇರೋದು ನೀರು, ಲವಣಕ್ಕಾಗಿ. ರಕ್ತನಾಳದ ಮೂಲಕ ಪೂರ್ತಿ ಆಹಾರ ಕೊಡೋ ವ್ಯವಸ್ಥೆ ಬೇರೆಯೇ ಇದೆ. ಅದನ್ನೂ ಎಲ್ಲರಿಗೂ ಕೊಡೋಕಾಗಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 395 ರೋಗಿಗಳ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತೀವ್ರ ಅಪೌಷ್ಟಿಕತೆ ಇದ್ದವರಿಗೆ ಅದರಿಂದ ಲಾಭವಾಯಿತು. ಉಳಿದವರಿಗೆ ಸೋಂಕೇ ಹೆಚ್ಚಾಯಿತು. ಬಾಯಿ, ಕರುಳು ಕೆಲಸ ಮಾಡ್ತಿರೋವಾಗ ಅದೇ ರಾಜಮಾರ್ಗ.

ಮನೆಗೆ ಬಂದ ಮೇಲೆ ಕೆಲವು ವಾರ ನಾರು ಕಡಿಮೆ ಇರುವ ಮೆತ್ತನೆಯ ಊಟ ಅಂತ ಹೇಳಿರ್ತಾರೆ. ಮೆತ್ತಗೆ ಅಂದರೆ ನೀರುನೀರು ಅಂತಲ್ಲ. ಮೊಟ್ಟೆ, ಮೊಸರನ್ನ, ನುಣ್ಣಗೆ ಮಸೆದ ಬೇಳೆ, ಬೇಯಿಸಿದ ಮೀನು, ಇಡ್ಲಿ ಎಲ್ಲ ಮೆತ್ತನೆಯವೇ. ಗುದನಾಳದ ಆಪರೇಷನ್ ಆದ ಕೆಲವರಿಗೆ ಜೋಡಣೆ ಗಟ್ಟಿಯಾಗೋವರೆಗೆ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತಂದು ಚೀಲ ಇಟ್ಟಿರ್ತಾರೆ. ಅವರು ಎರಡು ವಿಷಯ ನೆನಪಿಡಬೇಕು. ಒಂದು, ಕೊಬ್ಬರಿ ಚೂರು, ಇಡೀ ಕಡಲೆಕಾಯಿ, ಜೋಳದ ಕಾಳು, ಅಣಬೆ ಸರಿಯಾಗಿ ಅಗಿಯದೆ ನುಂಗಿದರೆ ದಾರಿ ಕಟ್ಟಬಹುದು. ಎರಡು, ಚೀಲದಲ್ಲಿ ನೀರಿನಂತೆ ತುಂಬಾ ಹೋಗ್ತಿದ್ದರೆ ಬರೀ ನೀರು ಕುಡಿದು ಸರಿಮಾಡೋಕಾಗಲ್ಲ, ಉಪ್ಪಿನಂಶವೂ ಹೋಗ್ತಿರುತ್ತೆ. ಓಆರ್‌ಎಸ್ ಬೇಕು. ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ ಆಸ್ಪತ್ರೆಗೆ ಫೋನ್ ಮಾಡಿ. ಸುಸ್ತು ತಾನಾಗೇ ಹೋಗುತ್ತೆ ಅಂತ ಕಾದು ಕೂತರೆ ಕಿಡ್ನಿಗೆ ಪೆಟ್ಟು.

ಇಷ್ಟು ಹೇಳಿದ ಮೇಲೆ ಸರ್ಕಾರಕ್ಕೂ ಒಂದು ಮಾತು ಹೇಳಲೇಬೇಕು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಬಡವರಿಗೆ ದೊಡ್ಡ ಆಸರೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ನಮ್ಮ ರಾಜ್ಯದಲ್ಲಿ ಆರೋಗ್ಯ ಕರ್ನಾಟಕದ ಜೊತೆ ಸೇರಿ ನಡೀತಿದೆ. ಆಸ್ಪತ್ರೆಯಲ್ಲಿದ್ದಾಗ ಊಟವೂ ಅದರಲ್ಲೇ ಸೇರಿದೆ. ಆದರೆ ಆಸ್ಪತ್ರೆಗೆ ಸೇರುವ ಮುಂಚಿನ ಖರ್ಚು ಲೆಕ್ಕಕ್ಕೆ ಬರೋದು 3 ದಿನದ್ದು ಮಾತ್ರ, ಅದೂ ಪರೀಕ್ಷೆ, ಔಷಧಿಗೆ. ವಿಜ್ಞಾನ ಹೇಳ್ತಿರೋದು 7ರಿಂದ 14 ದಿನದ ಪೌಷ್ಟಿಕ ತಯಾರಿ. ಈ ಅಂತರದಲ್ಲಿ ಕೂಲಿ ಮಾಡೋ ಮನೆಯ ರೋಗಿ ಏನು ತಿನ್ನಬೇಕು? ಆಪರೇಷನ್‌ಗೆ ಲಕ್ಷ ಕೊಡೋ ವ್ಯವಸ್ಥೆ, ಆ ಆಪರೇಷನ್ ಕೈಗೂಡೋಕೆ ಬೇಕಾದ ಎರಡು ವಾರದ ಮೊಟ್ಟೆ, ಹಾಲು, ಪ್ರೊಟೀನ್ ಪುಡಿಗೆ ಕೈಹಿಡಿದರೆ ಹೇಗೆ?

ಸರ್ಕಾರಕ್ಕೆ ಇದು ಹೊಸ ವಿಚಾರವೂ ಅಲ್ಲ. ಕ್ಷಯ ರೋಗಿಗಳಿಗೆ ಊಟಕ್ಕೆ ಅಂತಲೇ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡ್ತಿದ್ದರು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ನಮ್ಮ ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಇಡೀ ಜಗತ್ತಿನ ಗಮನ ಸೆಳೆಯಿತು. ಕ್ಷಯ ರೋಗಿಯ ಮನೆಗೆ ಪೌಷ್ಟಿಕ ಪಡಿತರ ಕೊಟ್ಟಾಗ ಮನೆಯ ಉಳಿದವರಿಗೆ ರೋಗ ಬರೋದು ಗಣನೀಯವಾಗಿ ಕಡಿಮೆಯಾಯಿತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಹೆಚ್ಚಿಸಿಕೊಂಡ ರೋಗಿಗಳಲ್ಲಿ ಸಾವಿನ ಅಪಾಯ ಕಡಿಮೆ ಇತ್ತು. ಕ್ಷಯವೇ ಬೇರೆ, ಕ್ಯಾನ್ಸರೇ ಬೇರೆ, ಒಪ್ಪೋಣ. ಆದರೆ ಊಟವೂ ಚಿಕಿತ್ಸೆ ಅಂತ ಒಂದು ಕಾಯಿಲೆಗೆ ಒಪ್ಪಿಕೊಂಡ ಸರ್ಕಾರ ಇನ್ನೊಂದಕ್ಕೂ ಯೋಚಿಸಬೇಕಲ್ವಾ?

ಸರ್ಕಾರ ಯೋಚಿಸೋವರೆಗೆ ನಿಮ್ಮ ಮನೆಯವರ ಆಪರೇಷನ್ ಕಾಯೋದಿಲ್ಲ. ಹಾಗಾಗಿ ಮುಂದಿನ ಸಲ ಡಾಕ್ಟ್ರ ಹತ್ತಿರ ಹೋದಾಗ ಮೂರು ಪ್ರಶ್ನೆ ಕೇಳಿ. ಇವರ ತೂಕ ಇಷ್ಟು ಇಳಿದಿದೆ, ಅಪಾಯ ಇದೆಯಾ? ಆಪರೇಷನ್‌ಗೆ ಇಷ್ಟು ದಿನ ಇದೆ, ಅಷ್ಟರಲ್ಲಿ ಏನೇನು, ಎಷ್ಟೆಷ್ಟು ತಿನ್ನಿಸಬೇಕು? ಆಸ್ಪತ್ರೆಯ ಡಯೆಟಿಷಿಯನ್‌ರನ್ನು ಒಮ್ಮೆ ನೋಡಬಹುದಾ? ಡಾಕ್ಟ್ರಿಗೆ ಸಮಯ ಇರಲ್ಲ, ಗೊತ್ತು. ಆದರೆ ಈ ಮೂರು ಪ್ರಶ್ನೆಗೆ ಎರಡು ನಿಮಿಷ ಸಾಕು. ಮನೆಯಲ್ಲಿ ವಾರಕ್ಕೊಮ್ಮೆ, ಅದೇ ಯಂತ್ರದಲ್ಲಿ, ಅದೇ ಹೊತ್ತಿಗೆ ತೂಕ ನೋಡಿ. ತಾರೀಕು ಹಾಕಿ, ಸ್ಕ್ಯಾನ್ ರಿಪೋರ್ಟ್ ಇಟ್ಟಿರೋ ಅದೇ ಫೈಲಿನ ಮೊದಲ ಪುಟದಲ್ಲಿ ಬರೆದಿಡಿ. ನೆಂಟರು ಏನು ತರಲಿ ಅಂತ ಕೇಳಿದರೆ, ಡಬ್ಬಿ ಬೇಡ, ಒಂದು ಟ್ರೇ ಮೊಟ್ಟೆ ತನ್ನಿ ಅನ್ನಿ. ಅದೂ ಆಪರೇಷನ್‌ಗೆ ಎರಡು ವಾರ ಮುಂಚೆಯೇ ತನ್ನಿ ಅನ್ನಿ.